ಸಾಣಾಪುರದ ನೀರು, ನಮ್ಮ ಯೂನಿಕೋಡು

ನುಡಿ ಫಾಂಟಿನಲ್ಲಿ ಬರೆದದ್ದನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಗೋಜಲು ಕಾಣುತ್ತಿದ್ದ ಕಾಲ ನೆನಪಿದೆಯಾ? ಯೂನಿಕೋಡ್ ಬಂತು, ನಾವೆಲ್ಲ ಬ್ಲಾಗಿಗರಾದೆವು. ನೀರಳೆಯುವ ಸೆನ್ಸರುಗಳದ್ದೂ ಇದೇ ಕತೆ ಅಂದ್ರೆ ನಂಬ್ತೀರಾ?

ಸಾಣಾಪುರದ ಕೆರೆ ತುಂಬೋದು ತುಂಗಭದ್ರಾ ಎಡದಂಡೆ ಕಾಲುವೆಯಿಂದ. ಕಾಲುವೆಯ ಗೇಜ್ ಪಟ್ಟಿಯನ್ನು ಅಂಕಿ ಗೊತ್ತಿದ್ದ ಯಾರಾದರೂ ಓದಬಹುದು. ಸೆನ್ಸರ್ ಹಾಗಲ್ಲ. ಹಳೇ ಪದ್ಧತಿಯಲ್ಲಿ ಅದು ಕಳಿಸೋದು 4ರಿಂದ 20 ಮಿಲಿಆಂಪ್ ಕರೆಂಟು. 12 ಬಂದರೆ ಅರ್ಧ. ಸರಿ, ಯಾವುದರ ಅರ್ಧ?

1979ರಲ್ಲಿ ಮೋಡಿಕಾನ್ ಕಂಪನಿ ತನ್ನ ಯಂತ್ರಗಳಿಗೆಂದು ತಂದ ಮಾಡ್‌ಬಸ್ ಮುಂದೆ ಎಲ್ಲರ ಭಾಷೆಯಾಯ್ತು. ಆದರೂ ಬಂದ ಅಂಕಿ ಅಡಿಯೋ ಮೀಟರೋ ಅನ್ನೋದು ಕೈಪಿಡಿಯಲ್ಲೇ ಉಳೀತು. 1997ರ ಐಇಇಇ 1451.2 ಮಾನಕ ಆ ಕೈಪಿಡಿಯನ್ನೇ ಉಪಕರಣದೊಳಗೆ ಇಟ್ಟಿತು. ನಾನ್ಯಾರು, ಯಾವ ಅಳತೆಯಲ್ಲಿ ಹೇಳ್ತಿದೀನಿ ಅಂತ ಸೆನ್ಸರೇ ಹೇಳುತ್ತೆ. ಗೇಟು ಎತ್ತುವ ಮೋಟರಿಗೂ ಇದು ಅನ್ವಯ. ಒಳ್ಳೇ ಯೋಚನೆ, ಆದರೆ ಮಾಡ್‌ಬಸ್‌ನಷ್ಟು ಹರಡಲಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯ್ತು. ಮಾನಕವೊಂದಿದ್ದರೆ ಚೈನು ಉಳೀತಿತ್ತು ಅಂತ ನಾನು ಹೇಳಲ್ಲ. ಆದರೆ ಗೇಟಿಗೋ ಕಾಲುವೆಗೋ ಸೆನ್ಸರ್ ಕೊಳ್ಳುವಾಗ, ಅದರ ಮಾತು ಬೇರೆ ಕಂಪನಿಯ ಯಂತ್ರಕ್ಕೂ ತಿಳಿಯಬೇಕು ಅನ್ನೋ ಒಂದು ಸಾಲು ಟೆಂಡರಿನಲ್ಲಿರಲಿ. ಇಲ್ಲದಿದ್ದರೆ ಆ ಕಂಪನಿ ಬಾಗಿಲು ಹಾಕಿದ ದಿನ, ಕಾಲುವೆಯ ಕೊನೇ ಹೊಲದ ರೈತ ನೀರಿನ ಲೆಕ್ಕ ಯಾರನ್ನ ಕೇಳಬೇಕು?

ನೀವೇನಂತೀರಿ?