ಹಿಡಿಯಿಲ್ಲದ ಭಾರ: ವ್ಯಾಯಾಮಶಾಲೆಯ ಪ್ಲೇಟ್‌ಗಳು ಹೇಗಿರಬೇಕು?

ದಾವಣಗೆರೆ ಸೀಮೆಗೆ ಭಾರ ಎತ್ತುವುದು ಹೊಸ ಹವ್ಯಾಸವೇನಲ್ಲ. ಗರಡಿಮನೆಯ ಗದೆ, ಕಲ್ಲುಗುಂಡು, ಜಾತ್ರೆಯ ಕುಸ್ತಿ ಕಣ ಇವೆಲ್ಲ ಇಲ್ಲಿಯ ಜನಜೀವನದೊಂದಿಗೆ ಬೆಳೆದುಬಂದವು. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯಲ್ಲಿ ಇಂದಿಗೂ ಪೈಲ್ವಾನರಿಗೆ ಸ್ಥಾನವಿದೆ. ಕಾಲಕ್ರಮದಲ್ಲಿ ಗರಡಿಯ ಪಕ್ಕಕ್ಕೆ ಜಿಮ್ ಬಂದಿತು. 1997ರಲ್ಲಿ ರಚನೆಯಾದ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ಜಗಳೂರು, ಹಾಗೆಯೇ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯಂಥ ಊರುಗಳ ಯುವಕರಿಗೂ ಬಾರ್‌ಬೆಲ್ ಈಗ ಪರಿಚಿತ ವಸ್ತು. ಆದರೆ ಅದರ ಎರಡು ತುದಿಗಳಲ್ಲಿ ಕೂರುವ ತೂಕದ ಬಿಲ್ಲೆಯನ್ನು, ಎಲ್ಲರೂ ‘ಪ್ಲೇಟ್’ ಎಂದೇ ಕರೆಯುವ ಆ ಕಬ್ಬಿಣದ ಚಕ್ರವನ್ನು, ಕೈಯಲ್ಲಿ ಹಿಡಿಯುವುದು ಹೇಗೆ ಎಂಬ ಪ್ರಶ್ನೆಗೆ ಸಿಗಬೇಕಾದ ಗಮನ ಸಿಕ್ಕಿಲ್ಲ.

ಈ ಪ್ರಶ್ನೆ ಚಿಕ್ಕದಲ್ಲ. ಅಡಿಕೆ ಸುಲಿಯುವ, ಭತ್ತದ ಮೂಟೆ ಹೊರುವ, ಬೈಕ್ ರಿಪೇರಿ ಮಾಡುವ ಕೈಗಳೇ ಸಂಜೆ ಜಿಮ್‌ಗೆ ಬರುತ್ತವೆ. ಒಂದು ಬೆರಳು ಜಜ್ಜಿದರೆ ವಾರಗಟ್ಟಲೆ ಕೂಲಿ ತಪ್ಪುತ್ತದೆ.

ಎತ್ತುವ ಮುನ್ನವೇ ಅಪಾಯ

ಭಾರ ಎತ್ತುವವನು ಎತ್ತುವ ಕ್ಷಣದಲ್ಲಿ ಮೈಯೆಲ್ಲ ಎಚ್ಚರವಾಗಿರುತ್ತಾನೆ. ಪ್ಲೇಟನ್ನು ನೆಲದಿಂದ ಎತ್ತಿ ತರುವಾಗ, ಬಾರ್‌ಗೆ ಏರಿಸುವಾಗ, ದಣಿದ ಮೇಲೆ ಮರಳಿ ಇಡುವಾಗ ಅಷ್ಟು ಎಚ್ಚರವಿರುವುದಿಲ್ಲ. 20 ಕಿಲೊ ತೂಕದ ಬಾರ್‌ಗೆ ತಲಾ 20 ಕಿಲೊದ ನಾಲ್ಕು ಪ್ಲೇಟ್ ಹಾಕಿದರೆ ಒಟ್ಟು 100 ಕಿಲೊ ಆಗುತ್ತದೆ. ಹಾಕಿ ತೆಗೆಯುವುದರಲ್ಲಿ ಎಂಟು ಬಾರಿ ಪ್ಲೇಟ್ ಹಿಡಿಯಬೇಕು. ಅಂದರೆ 160 ಕಿಲೊ ಭಾರ ವ್ಯಾಯಾಮದ ಲೆಕ್ಕಕ್ಕೆ ಸೇರದೆ ಕೈ ದಾಟಿ ಹೋಗುತ್ತದೆ.

ಕುಂದಾಪುರ ಸೀಮೆಯ ಗುರುರಾಜ ಪೂಜಾರಿ ಅವರು 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಒಟ್ಟು 249 ಕಿಲೊ ಎತ್ತಿ ಬೆಳ್ಳಿಯನ್ನೂ, 2022ರ ಬರ್ಮಿಂಗ್‌ಹ್ಯಾಂ ಕೂಟದಲ್ಲಿ 269 ಕಿಲೊ ಎತ್ತಿ ಕಂಚನ್ನೂ ತಂದು ರಾಜ್ಯಕ್ಕೆ ಕೀರ್ತಿ ತಂದರು. ಅಂಥ ವೇದಿಕೆಗಳಲ್ಲಿ ಪ್ಲೇಟ್ ಏರಿಸಿ ಇಳಿಸಲೆಂದೇ ಜನರಿರುತ್ತಾರೆ. ಊರಿನ ಜಿಮ್‌ನಲ್ಲಿ ಆ ಕೆಲಸವನ್ನೂ ಎತ್ತುವವನೇ ಮಾಡಬೇಕು.

ಸ್ಪರ್ಧೆಯ ಅಳತೆಗಳು

1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿಯೇ ಭಾರ ಎತ್ತುವ ಸ್ಪರ್ಧೆ ಇತ್ತು. ಈಗಿನ ಅಂತರರಾಷ್ಟ್ರೀಯ ನಿಯಮದಂತೆ ದೊಡ್ಡ ಪ್ಲೇಟ್‌ನ ವ್ಯಾಸ 450 ಮಿಲಿಮೀಟರ್. ಬಣ್ಣದಿಂದಲೇ ತೂಕ ತಿಳಿಯುತ್ತದೆ: 25 ಕಿಲೊ ಕೆಂಪು, 20 ನೀಲಿ, 15 ಹಳದಿ, 10 ಹಸಿರು. ಐದು ಕಿಲೊಗಿಂತ ಹೆಚ್ಚಿನ ತೂಕದಲ್ಲಿ ಶೇ 0.1ಕ್ಕಿಂತ ಹೆಚ್ಚಳವಾಗಲಿ, ಶೇ 0.05ಕ್ಕಿಂತ ಕೊರತೆಯಾಗಲಿ ಇರಕೂಡದು. ಎಂದರೆ 20 ಕಿಲೊ ಪ್ಲೇಟ್ 20 ಗ್ರಾಂ ಹೆಚ್ಚಿರಬಹುದು, 10 ಗ್ರಾಂ ಮಾತ್ರ ಕಡಿಮೆ ಇರಬಹುದು.

ಕೈಯ ಅಳತೆಗೂ ನಿಯಮ ಬೆಲೆ ಕೊಟ್ಟಿದೆ. ಪುರುಷರ ಬಾರ್ 28 ಮಿಲಿಮೀಟರ್ ದಪ್ಪವಿದ್ದರೆ ಮಹಿಳೆಯರ 15 ಕಿಲೊ ಬಾರ್ 25 ಮಿಲಿಮೀಟರ್ ಮಾತ್ರ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಕರ್ಣಂ ಮಲ್ಲೇಶ್ವರಿ ಒಟ್ಟು 240 ಕಿಲೊ ಎತ್ತಿ ಕಂಚು ಗೆದ್ದು, ಒಲಿಂಪಿಕ್ ಪದಕ ಪಡೆದ ಮೊದಲ ಭಾರತೀಯ ಮಹಿಳೆಯಾದರು. ಆದರೆ ಈ ವಿವೇಕ ಬಾರ್‌ಗೆ ಸೀಮಿತವಾಯಿತು. ಪ್ಲೇಟ್ ಮಾತ್ರ ಎಲ್ಲ ಕೈಗಳಿಗೂ ಒಂದೇ.

ಮಂಡಿಯ ತೂಕದ ಕಲ್ಲು ಕಲಿಸುವ ಪಾಠ

ನಯವಾದ ಚಪ್ಪಟೆ ಪ್ಲೇಟನ್ನು ಬೆರಳ ತುದಿ ಮತ್ತು ಹೆಬ್ಬೆರಳಿನ ನಡುವೆ ಚಿವುಟಿದಂತೆ ಹಿಡಿಯಬೇಕಾಗುತ್ತದೆ. ಈ ಹಿಡಿತದ ಬಲ, ಬೆರಳುಗಳು ಸುತ್ತಿ ಅಂಗೈಗೆ ಒತ್ತುವ ಮುಷ್ಟಿ ಹಿಡಿತಕ್ಕಿಂತ ಬಹಳ ಕಡಿಮೆ. ಬೆವರು ಸೇರಿದರೆ ಮತ್ತಷ್ಟು ಕುಗ್ಗುತ್ತದೆ. ನಮ್ಮ ಹಿರಿಯರಿಗೆ ಇದು ತಿಳಿಯದ ಸಂಗತಿಯಲ್ಲ. ಮಂಡಿಯ ದೊಡ್ಡ ಎರಕದ ತೂಕದ ಕಲ್ಲಿಗೆ ಹಿಡಿ ಇರುತ್ತದೆ. ಕೊಡಪಾನಕ್ಕೆ ಕಂಠವಿದೆ. ಹಮಾಲರು ಮೂಟೆಯ ಕಿವಿ ಹಿಡಿದೇ ಎತ್ತುತ್ತಾರೆ. ಉತ್ತರ ಭಾರತದ ಅಖಾಡಗಳ ‘ನಾಲ್’ ಎಂಬ ಕಲ್ಲಿನ ಸಾಧನದ ಪೊಳ್ಳಿನೊಳಗೂ ಕೈಹಿಡಿ ಇದೆ.

ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯು 1991ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ, ಎಲ್ಲ ಅನುಕೂಲಗಳಿದ್ದರೂ ಎರಡು ಕೈಗಳಿಂದ ಎತ್ತಲು ಶಿಫಾರಸು ಮಾಡಬಹುದಾದ ಭಾರ 23 ಕಿಲೊ. ಹಿಡಿತ ಸರಿಯಿಲ್ಲದಿದ್ದರೆ ಅದು ಶೇ 10ರಷ್ಟು ಇಳಿದು 20.7 ಕಿಲೊ ಆಗುತ್ತದೆ. ಬಗ್ಗಿ ನೆಲದಿಂದ ಎತ್ತಿದರೆ ಇನ್ನೂ ಕಡಿಮೆ. ಕಾರ್ಮಿಕರಿಗಾಗಿ ಮಾಡಿದ ಈ ಲೆಕ್ಕದಲ್ಲಿ 25 ಕಿಲೊ ಪ್ಲೇಟ್ ಮೊದಲೇ ಮಿತಿ ದಾಟಿದೆ.

ಹಿಡಿ ಹೇಗಿರಬೇಕು?

ಅದೇ ಸಂಸ್ಥೆಯ ಕೈಪಿಡಿಯು ಪೆಟ್ಟಿಗೆಗಳ ಹಿಡಿ-ರಂಧ್ರಕ್ಕೆ ಸೂಚಿಸಿದ ಅಳತೆ ಪ್ಲೇಟ್‌ಗೂ ಒದಗುತ್ತದೆ. ರಂಧ್ರದ ಉದ್ದ ಕನಿಷ್ಠ 11.5 ಸೆಂಟಿಮೀಟರ್, ಎತ್ತರ ಸುಮಾರು 4 ಸೆಂಟಿಮೀಟರ್ ಇರಬೇಕು. ನಾಲ್ಕೂ ಬೆರಳು ಇಕ್ಕಟ್ಟಿಲ್ಲದೆ ಒಳಹೋಗಬೇಕು. ರಂಧ್ರದ ಹೊರಗಿನ ಪಟ್ಟಿ ದುಂಡಾಗಿರಬೇಕು. ಎರಕದ ಚೂಪು ಅಂಚು ಉಳಿಯಕೂಡದು.

ಒಂದೇ ರಂಧ್ರವಿದ್ದರೆ ಪ್ಲೇಟ್‌ನ ತೂಕ ಒಂದು ಬದಿಗೆ ವಾಲಿ, ಬಾರ್ ಮೇಲೆ ತಾನಾಗಿ ತಿರುಗುತ್ತದೆ. ಸಮಾನ ಅಂತರದಲ್ಲಿ ಮೂರು ರಂಧ್ರಗಳಿದ್ದರೆ ಸಮತೋಲ ಕೆಡುವುದಿಲ್ಲ; ಪ್ಲೇಟ್ ಹೇಗೆ ನಿಂತಿದ್ದರೂ ಒಂದು ಹಿಡಿ ಕೈಗೆ ಸಿಗುತ್ತದೆ.

ರಂಧ್ರಕ್ಕೂ ತನ್ನದೇ ಅಪಾಯವಿದೆ. ಎರಡು ಪ್ಲೇಟ್‌ಗಳು ಒತ್ತಟ್ಟಿಗಿದ್ದು ಒಂದು ತಿರುಗಿದರೆ, ಎರಡರ ರಂಧ್ರಗಳ ನಡುವೆ ಸಿಕ್ಕ ಬೆರಳು ಕತ್ತರಿಗೆ ಸಿಕ್ಕಂತಾಗುತ್ತದೆ. ಆದಕಾರಣ ಬೆನ್ನ ಕಡೆ ಮುಚ್ಚಿದ ಆಳವಾದ ಗುಳಿ, ಇಲ್ಲವೇ ಪಕ್ಕದ ಪ್ಲೇಟ್‌ನಿಂದ ಬೆರಳನ್ನು ದೂರವಿಡುವ ಎತ್ತರಿಸಿದ ಅಂಚು ಮೇಲು. ಎತ್ತರಿಸಿದ ಅಂಚಿನಿಂದ ಮತ್ತೊಂದು ಲಾಭವಿದೆ: ನೆಲದ ಮೇಲೆ ಮಲಗಿಸಿದ ಪ್ಲೇಟ್‌ನಡಿ ಬೆರಳು ತೂರಿಸಲು ಜಾಗ ಸಿಗುತ್ತದೆ. ಹನ್ನೆರಡು ಮೂಲೆಯ ಪ್ಲೇಟ್ ಉರುಳಿಹೋಗದು ನಿಜ. ಆದರೆ ನೆಲದಿಂದ ಎತ್ತಿ ಇಳಿಸುವ ವ್ಯಾಯಾಮದಲ್ಲಿ ಮೂಲೆ ತಗುಲಿ ಬಾರ್ ಪಕ್ಕಕ್ಕೆ ಸರಿಯುತ್ತದೆ.

ಕೈ ಜಾರಿದರೆ

20 ಕಿಲೊ ಪ್ಲೇಟ್ ಒಂದು ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ಅದರ ಶಕ್ತಿ ಸುಮಾರು 196 ಜೂಲ್. ಕಾರ್ಖಾನೆಯ ಸುರಕ್ಷಾ ಬೂಟಿನ ಮುಂಭಾಗದ ಟೋಪಿಯನ್ನು ಪರೀಕ್ಷಿಸುವ ಅಂತರರಾಷ್ಟ್ರೀಯ ಮಾನದಂಡ 200 ಜೂಲ್. ಹೆಚ್ಚುಕಡಿಮೆ ಅದೇ ಹೊಡೆತಕ್ಕೆ ಚಪ್ಪಲಿ ಅಥವಾ ಬರಿಗಾಲು ಎದುರಾದರೆ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ರಬ್ಬರ್ ಹೊದಿಕೆ ನೆಲವನ್ನೂ ಪ್ಲೇಟನ್ನೂ ಉಳಿಸಬಹುದು, ಹಿಡಿತವನ್ನು ತುಸು ಉತ್ತಮಪಡಿಸಬಹುದು. ಕಾಲಿಗೆ ಅದರಿಂದ ದೊಡ್ಡ ರಕ್ಷಣೆ ಸಿಗದು. ಎರಕದ ಕಬ್ಬಿಣವಂತೂ ಪೆಡಸು. ಪದೇಪದೇ ಬಿದ್ದರೆ ಬಿರುಕು ಬಿಡುತ್ತದೆ.

ಇಲ್ಲಿಯೇ ಎರಕ ಹೊಯ್ಯಬಹುದು

ಇಂಥ ಪ್ಲೇಟ್‌ಗೆ ವಿಶೇಷ ತಂತ್ರಜ್ಞಾನ ಬೇಕಿಲ್ಲ. ಚನ್ನಗಿರಿಗೆ ನೆರೆಯ ಭದ್ರಾವತಿಯಲ್ಲಿ 1923ರಿಂದ ಕಬ್ಬಿಣ ಕರಗಿದ ಇತಿಹಾಸವಿದೆ. ಶಿವಮೊಗ್ಗ, ಬೆಳಗಾವಿಗಳು ಎರಕದ ಕೆಲಸಕ್ಕೆ ಹೆಸರಾದ ಊರುಗಳು. ಎರಡು ಸೆಂಟಿಮೀಟರ್ ದಪ್ಪದ ಪ್ಲೇಟ್‌ನಲ್ಲಿ ಮೇಲಿನ ಅಳತೆಯ ಮೂರು ರಂಧ್ರ ಬಿಟ್ಟರೆ ಸುಮಾರು 2 ಕಿಲೊ ಕಬ್ಬಿಣ ಕಡಿಮೆಯಾಗುತ್ತದೆ. ಅಂಚನ್ನು ದಪ್ಪ ಮಾಡಿ ಅದನ್ನು ತುಂಬಿಕೊಂಡರೆ ಹಿಡಿಯೂ ದುಂಡಗಾಗುತ್ತದೆ. ಹೆಚ್ಚುವರಿ ಖರ್ಚು ಬೀಳುವುದು ಅಚ್ಚಿಗೆ ಮತ್ತು ಅಂಚು ಉಜ್ಜುವ ಕೂಲಿಗೆ.

ಕೊಳ್ಳುವವರು ಗಮನಿಸಬೇಕಾದದ್ದು

ಪ್ಲೇಟ್‌ಗಳನ್ನು ಕಿಲೊ ಲೆಕ್ಕದಲ್ಲಿ ಕೊಳ್ಳುವ ರೂಢಿಯಿಂದಾಗಿ ಹಿಡಿಗೆ ಬೆಲೆ ಕಟ್ಟುವವರಿಲ್ಲ. ಸಂಘ-ಸಂಸ್ಥೆಗಳು, ಶಾಲಾ ಕಾಲೇಜುಗಳು ಖರೀದಿಗೆ ಮುನ್ನ ಒಂದು ಸರಳ ಪರೀಕ್ಷೆ ಮಾಡಬಹುದು. ಪ್ಲೇಟನ್ನು ನೆಲದ ಮೇಲೆ ಮಲಗಿಸಿ, ಜಿಮ್‌ಗೆ ಬರುವವರಲ್ಲಿ ಅತಿ ಚಿಕ್ಕ ಕೈಯವರಿಂದ ಒದ್ದೆ ಕೈಯಲ್ಲಿ ಎತ್ತಿಸಿ ನೋಡಬೇಕು. 20 ಕಿಲೊ ಅವರಿಗೆ ಭಾರವೆನಿಸಿದರೆ ಅದೇ ಮಾದರಿಯ 5 ಅಥವಾ 10 ಕಿಲೊ ಸಾಕು. ಹಾಗೆಯೇ ಪ್ಲೇಟ್‌ನ ನಡುವಿನ ತೂತು ಬಾರ್‌ಗೆ ಹೊಂದುತ್ತದೆಯೇ ನೋಡಬೇಕು. 50 ಮಿಲಿಮೀಟರ್ ತೂತಿನ ಪ್ಲೇಟನ್ನು ತೆಳು ರಾಡಿಗೆ ತೊಡಿಸಿದರೆ ಅದು ವಾಲುತ್ತದೆ. ಪ್ಲೇಟ್‌ಗಳನ್ನು ನೆಲದಲ್ಲಿ ಪೇರಿಸದೆ ಸೊಂಟದ ಎತ್ತರದ ಸ್ಟ್ಯಾಂಡಿನಲ್ಲಿ ನಿಲ್ಲಿಸುವುದು, ಬಾರ್‌ನ ಎರಡೂ ಕಡೆ ಕಾಲರ್ ಬಿಗಿಯುವುದು, ಬೂಟು ಕಡ್ಡಾಯ ಮಾಡುವುದು ಹೆಚ್ಚು ಹಣ ಬೇಡದ ಕ್ರಮಗಳು.

ಹಳೆಯ ಪ್ಲೇಟ್‌ಗಳನ್ನು ಎಸೆಯಬೇಕಾಗಿಲ್ಲ. ಅವುಗಳ ಚೂಪು ಅಂಚನ್ನು ಅರದಿಂದ ಉಜ್ಜಿಸಿ, ಬಿರುಕು ಬಿಟ್ಟವನ್ನು ಬೇರೆ ಇರಿಸಿ, 20 ಕಿಲೊ ಮೇಲಿನವನ್ನು ಇಬ್ಬರು ಹಿಡಿಯುವ ರೂಢಿ ಮಾಡಿದರೆ ಅರ್ಧ ಕೆಲಸ ಆದಂತೆ. ಉಳಿದರ್ಧವನ್ನು ಮುಂದಿನ ಖರೀದಿಯಲ್ಲಿ, ತೂಕದ ಜೊತೆಗೆ ಹಿಡಿಯನ್ನೂ ಕೇಳಿ ಪಡೆಯುವ ಗ್ರಾಹಕರೇ ಮಾಡಬೇಕು.