ಕಾಣದ ಕುದುರೆಯ ಮೇಲೆ ಬಾಜಿ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ವಿದ್ಯಾರ್ಥಿ ಮಿತ್ರರಿಗೆ ಕುದುರೆ ಓಟವೆಂದರೆ ಮೊದಲು ನೆನಪಾಗುವುದು ಜಾತ್ರೆಯ ಶರ್ಯತ್ತು. ಕುದುರೆ ಗಾಡಿ, ಜೋಡೆತ್ತಿನ ಗಾಡಿ, ಕೆಲವೆಡೆ ಒಂದೇ ನೊಗಕ್ಕೆ ಒಂದು ಎತ್ತು ಒಂದು ಕುದುರೆ ಹೂಡಿದ ಗಾಡಿ ಓಡುತ್ತವೆ. ಗೆದ್ದವನಿಗೆ ಜಾತ್ರಾ ಕಮಿಟಿಯ ಬಹುಮಾನ. ಬದಿಯಲ್ಲಿ ನಿಂತವರು ತಮ್ಮತಮ್ಮಲ್ಲೇ ಬಾಜಿ ಕಟ್ಟುವುದೂ ಉಂಟು. ಇಲ್ಲವೆಂದು ಬರೆದರೆ ನೀವೇ ನಕ್ಕೀರಿ. ಆದರೆ ಆ ಬಾಜಿಗೆ ತನ್ನದೇ ಮಿತಿಗಳಿವೆ. ಕುದುರೆ ಕಣ್ಣೆದುರಿಗಿರುತ್ತದೆ, ಗಾಡಿ ಹೊಡೆಯುವವನು ಪರಿಚಯದವನಾಗಿರುತ್ತಾನೆ, ಸಂಜೆ ಜಾತ್ರೆ ಮುಗಿದಾಗ ಬಾಜಿಯೂ ಮುಗಿಯುತ್ತದೆ.

ಈ ಮೂರು ತಾಲ್ಲೂಕುಗಳಲ್ಲಿ ಟರ್ಫ್ ಕ್ಲಬ್ಬಿನ ರೇಸ್ ಕೋರ್ಸ್ ಎಂದೂ ಇರಲಿಲ್ಲ. ಮೈಸೂರಿನಲ್ಲಿ ರೇಸ್ ಕ್ಲಬ್ ಹುಟ್ಟಿದ್ದು 1891ರಲ್ಲಿ, ಚಾಮರಾಜ ಒಡೆಯರ ಕಾಲಕ್ಕೆ. ಬೆಂಗಳೂರಿನ ರೇಸ್ ಕೋರ್ಸ್ 1920ರ ಸುಮಾರಿನದು. ಬೆಳಗಾವಿ ಜಿಲ್ಲೆ ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಇಲ್ಲಿಯವರಿಗೆ ರೇಸ್ ಎಂದರೆ ಪುಣೆ, ಮುಂಬಯಿ. ಹಾಗಾದರೆ ಈ ಜೂಜಿನ ಚರಿತ್ರೆಗೂ ನಮ್ಮ ಸೀಮೆಗೂ ಏನು ಸಂಬಂಧ? ಸಂಬಂಧ ಇದೆ. ಕುದುರೆ ಇಲ್ಲಿಗೆ ಬರಲಿಲ್ಲ, ಟಿಕೇಟು ಬಂತು.

ಜೂಜನ್ನು ಪೂರ್ತಿ ನಿಲ್ಲಿಸಬೇಕೋ, ಕಟ್ಟುಪಾಡಿನಲ್ಲಿ ನಡೆಸಬೇಕೋ ಎಂಬ ಪ್ರಶ್ನೆ ಬಹಳ ಹಳೆಯದು. ಪಗಡೆಕಾಯಿಗೆ ಮನಸ್ಸು ಕೊಟ್ಟು ಮನೆ ಕಳೆದುಕೊಂಡವನ ಗೋಳು ಋಗ್ವೇದದಲ್ಲೇ ಇದೆ. ಕೌಟಿಲ್ಯ ಮಾತ್ರ ನಿಷೇಧದ ದಾರಿ ಹಿಡಿಯಲಿಲ್ಲ. ಜೂಜಿಗೊಬ್ಬ ಅಧ್ಯಕ್ಷ, ಅದಕ್ಕೆ ಒಂದೇ ಗೊತ್ತಾದ ಜಾಗ, ಬೇರೆಡೆ ಆಡಿದವನಿಗೆ 12 ಪಣ ದಂಡ. ಆಟದ ಮನೆಯವನಿಗೆ ಗೆದ್ದ ಹಣದಲ್ಲಿ ನೂರಕ್ಕೆ ಐದು ಪಾಲು. ಮೋಸವಿಲ್ಲದ ಕಾಯಿಗಳನ್ನು ಒದಗಿಸುವುದು ಅವನ ಹೊಣೆ. ಹೀಗೆ ಒಂದೆಡೆ ಸೇರಿಸುವುದರಿಂದ ಗುಟ್ಟಾಗಿ ಬದುಕುವ ಕಳ್ಳರು ಪತ್ತೆಯಾಗುತ್ತಾರೆ ಎಂಬ ಲೆಕ್ಕಾಚಾರವನ್ನೂ ಅವನು ಮುಚ್ಚಿಡಲಿಲ್ಲ. ಇಂದು ‘ಜವಾಬ್ದಾರಿಯುತ’ ಎಂದು ಕರೆಯುವ ವ್ಯವಸ್ಥೆಯ ಬಹುಪಾಲು ಅಲ್ಲಿಯೇ ಇದೆ. ಇಲ್ಲದಿರುವುದು ಒಂದೇ, ಆಡುವವನ ಮೇಲಿನ ಕನಿಕರ.

ಕುದುರೆ ರೇಸಿಗೆ ಇಂಥದೇ ಲೆಕ್ಕವನ್ನು ತಂದವನು ಪ್ಯಾರಿಸ್ಸಿನ ಜೋಸೆಫ್ ಒಲೆರ್, 1860ರ ದಶಕದಲ್ಲಿ. ನೂರು ಜನ ತಲಾ 10 ರೂಪಾಯಿ ಕಟ್ಟಿದರೆಂದು ಇಟ್ಟುಕೊಳ್ಳಿ. ಒಟ್ಟು 1000. ನಡೆಸುವವನು ಮತ್ತು ಸರಕಾರ ಸೇರಿ 200 ತೆಗೆದುಕೊಂಡರೆ ಉಳಿದ 800 ಗೆದ್ದವರದು. ಗೆದ್ದ ಕುದುರೆಯ ಮೇಲೆ 40 ಜನ ಕಟ್ಟಿದ್ದರೆ ತಲಾ 20 ರೂಪಾಯಿ, ಐದೇ ಜನ ಕಟ್ಟಿದ್ದರೆ ತಲಾ 160. ಯಾವ ಕುದುರೆ ಗೆದ್ದರೂ ನಡೆಸುವವನ ಪಾಲು ಬದಲಾಗದು. 1913ರಲ್ಲಿ ನ್ಯೂಜಿಲೆಂಡಿನಲ್ಲಿ ಜಾರ್ಜ್ ಜೂಲಿಯಸ್ ಈ ಲೆಕ್ಕಕ್ಕೊಂದು ಯಂತ್ರವನ್ನೇ ಕಟ್ಟಿದ. ಇದೇ ಟೋಟಲೈಸೇಟರ್, ರೇಸಿನವರ ಬಾಯಲ್ಲಿ ಟೋಟ್. ಬುಕ್ಕಿಯ ಬಗೆ ಬೇರೆ: ಅವನು ತಾನೇ ದರ ಹೇಳುತ್ತಾನೆ, ಲಾಭ ನಷ್ಟ ಅವನದೇ.

ಲಾಟರಿಯನ್ನೂ ರೇಸನ್ನೂ ಬೆಸೆದದ್ದು ಸ್ವೀಪ್ ಸ್ಟೇಕ್. ಟಿಕೇಟು ಕೊಂಡವರ ಹೆಸರನ್ನು ಚೀಟಿ ಎತ್ತಿ ಒಂದೊಂದು ಕುದುರೆಗೆ ಜೋಡಿಸುವುದು. ಆಮೇಲೆ ಕುದುರೆ ಓಡಿ ಬಹುಮಾನ ನಿರ್ಧರಿಸುವುದು. ಕಲಕತ್ತೆಯ ಟರ್ಫ್ ಕ್ಲಬ್ಬಿನ ಡರ್ಬಿ ಸ್ವೀಪ್ ಒಂದು ಕಾಲಕ್ಕೆ ಜಗತ್ಪ್ರಸಿದ್ಧ. ಐರ್ಲೆಂಡಿನಲ್ಲಿ 1930ರಿಂದ ಆಸ್ಪತ್ರೆಗಳ ಹೆಸರಿನಲ್ಲಿ ಇಂಥದೇ ಸ್ವೀಪ್ ನಡೆದು ಟಿಕೇಟುಗಳು ಕಡಲಾಚೆಗೂ ಹೋದವು. ಕುದುರೆಯ ಬಣ್ಣವನ್ನೂ ಕಾಣದವನು ಕುದುರೆಯ ಮೇಲೆ ಹಣ ಹೂಡುವುದು ಹೀಗೆ ರೂಢಿಯಾಯಿತು.

ನಮ್ಮ ಸೀಮೆಗೆ ಹತ್ತಿರದ ಪ್ರಕರಣವೊಂದಿದೆ. 1950ರ ಸುಮಾರಿಗೆ ಬೆಂಗಳೂರಿನಿಂದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಪತ್ರಿಕೆ ಹೊರಡುತ್ತಿತ್ತು. ಅದರಲ್ಲಿ ಆರ್.ಎಂ.ಡಿ.ಸಿ. ಎಂಬ ಸಂಸ್ಥೆಯ ಪದಬಂಧ ಸ್ಪರ್ಧೆ. ಶುಲ್ಕ ಕಳಿಸಿ ಬಹುಮಾನಕ್ಕೆ ಕಾಯಬೇಕು. ಅಚ್ಚಾಗುವುದು ಮೈಸೂರು ರಾಜ್ಯದಲ್ಲಿ, ಹಣ ಬಹಳಷ್ಟು ಬರುವುದು ಮುಂಬಯಿ ರಾಜ್ಯದಿಂದ. ಗೋಕಾಕ, ಹುಕ್ಕೇರಿ ಆಗ ಆ ರಾಜ್ಯದವು. ಮುಂಬಯಿ ಸರಕಾರ 1952ರಲ್ಲಿ ಕಾಯಿದೆ ತಿದ್ದಿ, ಹೊರಗೆ ಅಚ್ಚಾದ ಪತ್ರಿಕೆಯ ಸ್ಪರ್ಧೆಗೂ ತೆರಿಗೆ, ಪರವಾನಗಿ ಎಂದಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 1957ರ ಏಪ್ರಿಲ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಪೀಠ ಋಗ್ವೇದ, ಮಹಾಭಾರತಗಳನ್ನೂ ಉಲ್ಲೇಖಿಸಿ, ಜೂಜು ಸಂವಿಧಾನ ರಕ್ಷಿಸುವ ವ್ಯಾಪಾರವೇ ಅಲ್ಲ ಎಂದು ತೀರ್ಪಿತ್ತಿತು. ತಮಾಷೆಯೆಂದರೆ, ತೀರ್ಪು ಬರುವ ಹೊತ್ತಿಗೆ 1956ರ ನವೆಂಬರ್ 1ರ ಏಕೀಕರಣವಾಗಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತ್ತು!

ಮುಂದಿನ ಅಧ್ಯಾಯ ಸರಕಾರಗಳೇ ಲಾಟರಿಗೆ ಇಳಿದದ್ದು. ಕೇರಳ 1967ರಲ್ಲಿ ಆರಂಭಿಸಿತು, ಮಹಾರಾಷ್ಟ್ರ 1969ರಲ್ಲಿ. ಕರ್ನಾಟಕವೂ ನಡೆಸಿತು. ಬಸ್ ನಿಲ್ದಾಣದ ಬಳಿ ಮೇಜಿನ ಮೇಲೆ ದಾರ ಕಟ್ಟಿ ತೂಗುಹಾಕಿದ ಬಣ್ಣದ ಟಿಕೇಟುಗಳನ್ನು ನಿಮ್ಮ ಮನೆಯ ಹಿರಿಯರು ಕಂಡಿದ್ದಾರೆ, ಕೇಳಿ ನೋಡಿ. ತಿಂಗಳಿಗೊಮ್ಮೆ, ವಾರಕ್ಕೊಮ್ಮೆ ಇದ್ದದ್ದು ದಿನಕ್ಕೆ ಹಲವು ಸಲವಾಯಿತು. ಒಂದಂಕಿ ಲಾಟರಿ ಬಂತು. ಓಸಿ ಎಂದು ನಮ್ಮಲ್ಲಿ ಕರೆಯುವ ಮಟಕಾಕ್ಕೂ ಅದಕ್ಕೂ ಕೂಲಿಕಾರನ ಮಟ್ಟಿಗೆ ವ್ಯತ್ಯಾಸ ಉಳಿಯಲಿಲ್ಲ. 1998ರ ಕೇಂದ್ರ ಕಾಯಿದೆ ಒಂದಂಕಿ ಲಾಟರಿಯನ್ನು ನಿಷೇಧಿಸಿತು. ಹೊರ ರಾಜ್ಯಗಳ ಲಾಟರಿಯನ್ನು ತಡೆಯಬೇಕಾದರೆ ರಾಜ್ಯ ಮೊದಲು ತನ್ನ ಲಾಟರಿಯನ್ನು ಬಿಡಬೇಕು ಎಂಬುದು 1999ರ ಸುಪ್ರೀಂ ಕೋರ್ಟ್ ತೀರ್ಪಿನ ತಿರುಳು. ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ, 2007ರ ಏಪ್ರಿಲ್ 1ರಿಂದ, ಕರ್ನಾಟಕ ಆ ಹೆಜ್ಜೆ ಇಟ್ಟಿತು. ಬೊಕ್ಕಸಕ್ಕೆ ನಷ್ಟವಾದರೂ ಸರಿಯಾದ ಹೆಜ್ಜೆ ಎಂದೇ ನನ್ನ ಎಣಿಕೆ. ಆದರೆ ಹುಕ್ಕೇರಿ ಗಡಿ ತಾಲ್ಲೂಕು. ಮಹಾರಾಷ್ಟ್ರದ ಟಿಕೇಟು ಬಸ್ಸಿನ ದಾರಿಯಲ್ಲೇ ಉಳಿಯಿತು.

ಲಾಟರಿ ಹೋದರೂ ಕುದುರೆ ಉಳಿದದ್ದೇಕೆ? 1996ರ ಲಕ್ಷ್ಮಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕುದುರೆ ರೇಸು ಅದೃಷ್ಟಕ್ಕಿಂತ ಕೌಶಲ್ಯದ ಆಟ ಎಂದಿತ್ತು. ವಂಶ, ತರಬೇತಿ, ಜಾಕಿ, ಓಟದ ನೆಲ ಎಲ್ಲವನ್ನೂ ಅಭ್ಯಾಸ ಮಾಡಿ ಕಟ್ಟಬಹುದು, ನಿಜ. ಅಭ್ಯಾಸ ಮಾಡದೆ ಕಟ್ಟುವವನಿಗೆ ಅದೂ ಲಾಟರಿಯೇ. ಬೆಂಗಳೂರಿನ ಕಿಟಕಿಯಲ್ಲಿ ನಿಂತು ಮುಂಬಯಿಯ ಓಟಕ್ಕೆ ಹಣ ಕಟ್ಟುವವನು ಕುದುರೆಯನ್ನು ಪರದೆಯ ಮೇಲಷ್ಟೇ ಕಾಣುತ್ತಾನೆ.

ಲಾಟರಿ ಮತ್ತು ರೇಸು ಎರಡನ್ನೂ ಒಂದೇ ಸಂಸ್ಥೆ ನಡೆಸುವ ಪದ್ಧತಿ ನಮ್ಮಲ್ಲಿ ಬೆಳೆಯಲಿಲ್ಲ. ಅದನ್ನು ನೋಡಲು ಹಾಂಗ್‌ಕಾಂಗ್, ಸಿಂಗಪುರಕ್ಕೆ ಹೋಗಬೇಕು. ಹಾಂಗ್‌ಕಾಂಗ್ ಜಾಕಿ ಕ್ಲಬ್ಬಿಗೆ 1970ರ ದಶಕದಲ್ಲಿ ಊರೊಳಗೆ ಬಾಜಿ ಅಂಗಡಿಗಳನ್ನೂ ‘ಮಾರ್ಕ್ ಸಿಕ್ಸ್’ ಲಾಟರಿಯನ್ನೂ ಕೊಟ್ಟರು, ಕಳ್ಳ ಬುಕ್ಕಿಗಳನ್ನು ಮಣಿಸಲೆಂದು. ಸಾಲದ ಬಾಜಿ ಇಲ್ಲ, ಹುಡುಗರಿಗೆ ಪ್ರವೇಶವಿಲ್ಲ, ಉಳಿಕೆ ದಾನಧರ್ಮಕ್ಕೆ. ಆದರೂ ಗಿರಾಕಿ ಕಳ್ಳ ಬುಕ್ಕಿಯ ಕಡೆಗೇ ಸರಿದ. ತೆರಿಗೆಯನ್ನು ಕಟ್ಟಿದ ಒಟ್ಟು ಹಣದ ಮೇಲೆ ಹಾಕುತ್ತಿದ್ದುದರಿಂದ ಕ್ಲಬ್ಬಿನ ದರ ಸಪ್ಪೆಯಾಗಿತ್ತು. 2006ರಲ್ಲಿ ತೆರಿಗೆಯನ್ನು ಕ್ಲಬ್ಬಿನ ಕೈಯಲ್ಲಿ ಉಳಿದ ಹಣಕ್ಕಷ್ಟೇ ಸೀಮಿತಗೊಳಿಸಿದರು. ದೊಡ್ಡ ಬಾಜಿ ಸೋತವನಿಗೆ ಒಂದು ಪಾಲು ಹಿಂತಿರುಗಿಸಲು ಸಾಧ್ಯವಾಯಿತು. ಪೈಪೋಟಿಗೆ ಇದು ಒಳ್ಳೆಯ ಉಪಾಯ. ಸೋತವನಿಗೆ ಹಣ ಮರಳಿಸಿ ಮತ್ತೆ ಆಡಲು ಕರೆಯುವುದು ಜವಾಬ್ದಾರಿಯೇ ಎಂದು ಯಾರಾದರೂ ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ.

ನಮ್ಮಲ್ಲಿ ನಡೆದದ್ದು ಇದರ ತದ್ವಿರುದ್ಧ. ಕ್ಲಬ್ಬಿಗೆ ಸಿಗುವುದು ಕಮಿಷನ್ ಮಾತ್ರ, ಆದ್ದರಿಂದ ಜಿ.ಎಸ್.ಟಿ. ಅದರ ಮೇಲಷ್ಟೇ ಇರಬೇಕು ಎಂದು ಬೆಂಗಳೂರು ಟರ್ಫ್ ಕ್ಲಬ್ ವಾದಿಸಿ, 2021ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದಿತು. ಕಾಯಿದೆ ತಿದ್ದುಪಡಿಯಾಗಿ 2023ರ ಅಕ್ಟೋಬರ್ 1ರಿಂದ ಕಟ್ಟಿದ ಪೂರ್ತಿ ಹಣದ ಮೇಲೆ ಶೇಕಡಾ 28 ಬಂತು. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 40. ಮೇಲಿನ ನಮ್ಮ 1000 ರೂಪಾಯಿಯ ಲೆಕ್ಕಕ್ಕೆ ಈ ಅಂಕಿಗಳನ್ನು ಹಾಕಿ ನೋಡಿ. ಇಷ್ಟು ಭಾರ ಹೊತ್ತ ಕಿಟಕಿಯ ಪಕ್ಕದಲ್ಲಿ ತೆರಿಗೆ ಕಟ್ಟದ ಬುಕ್ಕಿ ಫೋನ್ ಹಿಡಿದು ನಿಂತಿರುತ್ತಾನೆ, ಅದೂ ಸಾಲ ಕೊಡಲು ಸಿದ್ಧನಾಗಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಹಣದ ಆಟಗಳನ್ನು, ಕೌಶಲ್ಯದ್ದಿರಲಿ ಅದೃಷ್ಟದ್ದಿರಲಿ, ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು.

ಸಿಂಗಪುರದ ಕಥೆ ಇನ್ನೂ ವಿಚಿತ್ರ. ಅಲ್ಲಿ ಕಳ್ಳ ಜೂಜನ್ನು ಹತ್ತಿಕ್ಕಲು 1968ರಲ್ಲಿ ‘ಸಿಂಗಪುರ ಪೂಲ್ಸ್’ ಎಂಬ ಸರಕಾರಿ ಲಾಟರಿ ಸಂಸ್ಥೆ ಹುಟ್ಟಿತು. ರೇಸಿನ ಬಾಜಿ ಟರ್ಫ್ ಕ್ಲಬ್ಬಿನ ಕೈಯಲ್ಲಿತ್ತು. ಐವತ್ತು ವರ್ಷಗಳ ನಂತರ ಅದೂ ಈ ಲಾಟರಿ ಸಂಸ್ಥೆಗೇ ಬಂತು. 1842ರಲ್ಲಿ ಸ್ಥಾಪನೆಯಾದ ಟರ್ಫ್ ಕ್ಲಬ್ 2024ರ ಅಕ್ಟೋಬರ್ 5ರಂದು ಕ್ರಾಂಜಿಯಲ್ಲಿ ಕೊನೆಯ ಓಟ ನಡೆಸಿ, ಜಾಗವನ್ನು ಸರಕಾರಕ್ಕೆ ಬಿಟ್ಟುಕೊಡಲು ಅಣಿಯಾಯಿತು. ರೇಸಿನ ಬಾಜಿ ಮಾತ್ರ ನಿಲ್ಲಲಿಲ್ಲ. ಹೊರದೇಶದ ಕುದುರೆಗಳ ಮೇಲೆ ಅದು ನಡೆದೇ ಇದೆ.