ನಾಟಕ ಕಂಪನಿ ಮತ್ತು ನಮ್ಮಪ್ಪ

ದಾವಣಗೆರೆ ಹತ್ತಿ ಗಿರಣಿಗಳ ಊರಾಗಿತ್ತು, ನಾಟಕದ ಊರೂ ಹೌದು. 1928ರಲ್ಲಿ ಚಿಂದೋಡಿ ವೀರಪ್ಪನವರು ಇಲ್ಲಿ ಕೆ.ಬಿ.ಆರ್. ಡ್ರಾಮಾ ಕಂಪನಿ ಕಟ್ಟಿದರು. ಕಂಪನಿಯ ಯಜಮಾನನೆಂದರೆ ದೊಡ್ಡ ಸಂಸಾರದ ತಂದೆ. ಪರದೆ, ಸಂಬಳ, ಮುಂದಿನ ಕ್ಯಾಂಪು ಎಲ್ಲವೂ ಅವರ ತಲೆಯ ಮೇಲೆ. ಮಳೆ ಸುರಿದು ಕಲೆಕ್ಷನ್ ಆಗದ ರಾತ್ರಿಯೂ ಒಲೆ ಉರಿಯಬೇಕು. ಆ ಕಂಪನಿಯಲ್ಲೇ ಬೆಳೆದ ಮಗಳು ಚಿಂದೋಡಿ ಲೀಲಾ ಮುಂದೆ ಅದನ್ನು ನಡೆಸಿದರು. 1988ರಲ್ಲಿ ಪದ್ಮಶ್ರೀ ಪಡೆದರು. 2010ರಲ್ಲಿ ಅವರು ತೀರಿಕೊಂಡರು.

ನಮ್ಮಪ್ಪ ಹರಿಹರದ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ಕೆ.ಬಿ.ಆರ್. ನಾಟಕವೆಂದರೆ ಪಾಳಿ ಮುಗಿಸಿ ದಾವಣಗೆರೆಗೆ ಓಡುವರು. ಕೊನೆಯ ಬಸ್ಸು ತಪ್ಪಿದರೆ ರೈಲ್ವೆ ಸ್ಟೇಷನ್ನಿನಲ್ಲೇ ಮಲಗಿ, ಬೆಳಗ್ಗೆ ನೇರ ಕೆಲಸಕ್ಕೆ. ಜಾತ್ರೆಯಲ್ಲಿ ಊರಿನವರ ಜೊತೆ ತಾವೂ ಬಣ್ಣ ಹಚ್ಚುವರು. ನಾನು ಬಿ.ಇ. ಸೇರಿದ ವರ್ಷ ಓವರ್‌ಟೈಮ್ ಹಿಡಿದು ಪಾತ್ರ ಬಿಟ್ಟರು. ಯಾಕೆಂದು ಕೇಳುವ ಬುದ್ಧಿ ನನಗಾಗ ಬರಲಿಲ್ಲ.

ಹೋದ ಯುಗಾದಿಗೆ ಊರಿಗೆ ಬಂದಾಗ ಕೇಳಿದೆ. ಉತ್ತರ ಹೇಳದೆ, ಹಳೆಯ ಪಾತ್ರದ ಮಾತನ್ನು ತಪ್ಪಿಲ್ಲದೆ ಒಪ್ಪಿಸಿದರು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ವೀರಪ್ಪನವರ ಹೆಸರು ಇತಿಹಾಸದಲ್ಲಿದೆ. ಅವರ ನಾಟಕಕ್ಕೆ ಟಿಕೆಟ್ ಕೊಂಡ ನಮ್ಮ ಹಿರಿಯರ ಮಾತನ್ನು ನಾವೇ ಬರೆದಿಡಬೇಕು. ಗೆಳೆಯರೇ, ನಿಮ್ಮ ಮನೆಯಲ್ಲೂ ಕೇಳಿ.